ಗೋಡೆ ತಟ್ಟುವ ರಾಯರು

ಅಮೆರಿಕದ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಯುಗಾದಿ ಊಟದ ಸಾಲಿನಲ್ಲಿ ಎಲ್ಲರ ಕಣ್ಣು ಒಬ್ಬಟ್ಟಿನ ಮೇಲಿದ್ದರೆ, ಇವರು ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಸಂತೆಯಲ್ಲಿ ಹಲಸಿನಹಣ್ಣು ಆರಿಸುವವರ ಹಾಗೆ ತಲೆಯಾಡಿಸುತ್ತಾರೆ. ಹೆಸರೇನಾದರೂ ಇರಲಿ, ರಾಯರು ಎನ್ನೋಣ. ವಾರವೆಲ್ಲ ಸಾಫ್ಟ್‌ವೇರು, ಶನಿವಾರ ಬೆಳಗಾಯಿತೆಂದರೆ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲ ಅವರೇ. ಊರಿನಲ್ಲಿದ್ದಾಗ ಒಂದು ಬಲ್ಬು ಬದಲಾಯಿಸಿದವರಲ್ಲ. ಆದರೆ ಇಲ್ಲಿಯ ಕೂಲಿ ಡಾಲರಿನಲ್ಲಿ, ರಾಯರ ಲೆಕ್ಕ ಇನ್ನೂ ರೂಪಾಯಿಯಲ್ಲಿ. "ಅಷ್ಟು ದುಡ್ಡಿಗೆ ಊರಲ್ಲಿ ಒಂದು ರೂಮೇ ಕಟ್ಟಿಸಬಹುದು" ಎಂದು ಗೊಣಗುತ್ತ ಹೋಮ್ ಡಿಪೋಗೆ ಹೋಗಿ, ಆ ಕೂಲಿಗಿಂತ ದುಬಾರಿಯ ಡ್ರಿಲ್ ಹೊತ್ತು ತರುತ್ತಾರೆ.

ಅವರ ನಿಜವಾದ ಪರೀಕ್ಷೆ ಶುರುವಾಗುವುದು ಹಾಸನದಿಂದ ಅಮ್ಮ ಬಂದಿಳಿದ ಮೇಲೆ. ಅಮ್ಮನಿಗೆ ಮಂಡಿನೋವು. ಬಟ್ಟೆ ಒಗೆಯುವ ಮೆಷಿನ್ನು ಬೇಸ್‌ಮೆಂಟಿನಲ್ಲಿ. ಮೆಟ್ಟಿಲ ಪಕ್ಕದ ರೇಲಿಂಗನ್ನು ಹಳೆಯ ಮಾಲೀಕ ಯಾವ ಕಾಲದಲ್ಲೋ ಪ್ಲಾಸ್ಟಿಕ್ ಪ್ಲಗ್ ತುರುಕಿ ನಿಲ್ಲಿಸಿದ್ದ. ಅಮ್ಮ ಹಿಡಿದರು, ಅದು ಅವರ ಜೊತೆಗೇ ಬಂತು. ಪುಣ್ಯಕ್ಕೆ ಕಡೆಯ ಮೆಟ್ಟಿಲು. ಗೋಡೆಯ ತೂತಿನಿಂದ ಬಿಳಿ ಪುಡಿ ಉದುರಿತು.

ಹಾಸನದಲ್ಲಾಗಿದ್ದರೆ ಗಾರೆಯವನು ಉಳಿ ಹಿಡಿದು ಇಟ್ಟಿಗೆ ಗೋಡೆಗೆ ತೂತು ಹೊಡೆದು, ಸಿಮೆಂಟು ತುಂಬಿ, "ಮೂರು ದಿನ ಮುಟ್ಟಬೇಡಿ" ಎಂದು ಹೇಳಿ ಹೋಗುತ್ತಿದ್ದ. ಇಲ್ಲಿ ಗೋಡೆಯೆಂದರೆ ಎರಡು ಕಾಗದದ ನಡುವೆ ಜಿಪ್ಸಮ್ ಇರುವ ಅರ್ಧ ಇಂಚಿನ ಹಲಗೆ. ಅದರ ಹಿಂದೆ ಬರೀ ಪೊಳ್ಳು, ನಡುನಡುವೆ ಹದಿನಾರು ಇಂಚಿಗೊಂದು ಮರದ ಕಂಬ. ಅದಕ್ಕೆ ಸ್ಟಡ್ ಎನ್ನುತ್ತಾರೆ. ಈ ಹಲಗೆಯ ಮೂಲಪುರುಷ ಆಗಸ್ಟಿನ್ ಸ್ಯಾಕೆಟ್, ಪೇಟೆಂಟ್ ಸಿಕ್ಕಿದ್ದು 1894ರಲ್ಲಿ ಎಂಬುದನ್ನು ರಾಯರು ಯಾರೂ ಕೇಳದಿದ್ದರೂ ಹೇಳುತ್ತಾರೆ. ಮೆಟ್ಟಿಲ ರೇಲಿಂಗಿನ ನಿಯಮಾವಳಿಯೂ ಬಾಯಿಪಾಠ: ಮೆಟ್ಟಿಲ ಮೂತಿಯಿಂದ 34ರಿಂದ 38 ಇಂಚು ಎತ್ತರ, ಗೋಡೆಗೂ ರೇಲಿಂಗಿಗೂ ನಡುವೆ ಕಡಿಮೆಯೆಂದರೆ ಒಂದೂವರೆ ಇಂಚು ಸಂದು, ಯಾವ ದಿಕ್ಕಿಗೆ ಜಗ್ಗಿದರೂ 200 ಪೌಂಡ್ ತಡೆಯಬೇಕು.

"ಬಟರ್‌ಫ್ಲೈ ಬೋಲ್ಟ್ ಹಾಕಿದ್ರೆ ಆಗಲ್ವೇನ್ರಿ?" ಎಂದು ಪಕ್ಕದ ಬೀದಿಯ ಗೆಳೆಯರು ಕೇಳಿದರೆ ರಾಯರ ಮುಖ ಕೆಂಪಾಗುತ್ತದೆ. ಇಲ್ಲಿ ಮಾತ್ರ ಅವರ ಮಾತು ನೂರಕ್ಕೆ ನೂರು ಸರಿ. ಪೊಳ್ಳಿನೊಳಗೆ ರೆಕ್ಕೆ ಬಿಚ್ಚಿ ಹಲಗೆಯನ್ನು ಹಿಡಿಯುವ ಆ ಬೋಲ್ಟು ಫೋಟೋ ತೂಗುಹಾಕಲು ಸಾಕು, ಫೋಟೋದ ಭಾರ ಕೆಳಕ್ಕೆ ಮಾತ್ರ. ಕಾಲು ಜಾರಿದವರು ರೇಲಿಂಗನ್ನು ಹೊರಕ್ಕೆ ಎಳೆಯುತ್ತಾರೆ, ಅದೂ ಒಂದೇ ಏಟಿಗೆ. ಆಗ ಬ್ರಾಕೆಟ್ಟೇ ಸನ್ನೆಗೋಲು. ಅದರ ಕೆಳತುದಿ ಗೋಡೆಗೆ ಒತ್ತಿಕೊಂಡು ಮೇಲಿನ ಸ್ಕ್ರೂವನ್ನು ಕೀಳುತ್ತದೆ. ಬೋಲ್ಟು ಗಟ್ಟಿಯಿದ್ದು ಏನು ಬಂತು, ಸುತ್ತಲಿನ ಜಿಪ್ಸಮ್ ಪುಡಿಯಾದ ಮೇಲೆ? ಸ್ಕ್ರೂ ಮರಕ್ಕೇ ಕಚ್ಚಬೇಕು.

ಆದರೆ ಮರ ಎಲ್ಲಿದೆ? ಸ್ಟಡ್ ಹುಡುಕುವ ಯಂತ್ರ ಒಮ್ಮೆ ಇಲ್ಲಿ ಕೀಂ ಎಂದರೆ, ಮರುಗಳಿಗೆ ಅಂಗೈ ದೂರದಲ್ಲಿ. ರಾಯರು ಗೋಡೆಗೆ ಕೆನ್ನೆಯಾನಿಸಿ ತಟ್ಟುತ್ತ ಮೆಟ್ಟಿಲಿಳಿದರು. ಟೊಳ್ಳು, ಟೊಳ್ಳು, ಗಟ್ಟಿ, ಟೊಳ್ಳು. ಮೇಲಿನಿಂದ ಅಮ್ಮ ಕೇಳಿದರು, "ಒಳಗೆ ಯಾರಿದ್ದಾರೋ?"

ಅಮ್ಮನೇ ತಂದಿದ್ದ ಮೈಸೂರು ಅರಮನೆಯ ಮ್ಯಾಗ್ನೆಟ್ಟನ್ನು ಫ್ರಿಜ್ಜಿನಿಂದ ಕಿತ್ತು ತಂದವರು ರಾಯರ ಹೆಂಡತಿ. ಗೋಡೆಯ ಮೇಲೆ ಸವರುತ್ತ ಹೋದಂತೆ ಅರಮನೆ ಒಂದು ಕಡೆ ಸಣ್ಣಗೆ ತಡೆದು ನಿಂತಿತು: ಹಲಗೆಯನ್ನು ಕಂಬಕ್ಕೆ ಬಿಗಿದ ಸ್ಕ್ರೂವಿನ ತಲೆ. ಆ ಯಂತ್ರದ ಬೆಲೆಯ ವಿಚಾರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅದಕ್ಕೂ ಮೊದಲು ಕೊರೆದ ತೂತುಗಳ ಗತಿ? ಅವಕ್ಕೆ ಮನೆಯೊಡತಿಯ ಉಪಾಯವಿದೆ. ಬೇಸ್‌ಮೆಂಟಿಗೆ ಇಳಿಯುವವರಿಗೆ ಮೊಣಕಾಲೆತ್ತರದಲ್ಲಿ ಹಂಪಿಯ ಕಲ್ಲಿನ ರಥ, ಇನ್ನೂ ಕೆಳಗೆ ಜೋಗದ ರಾಜ, ಹಿಮ್ಮಡಿಯ ಹತ್ತಿರ ಮಗನ ನಾಮಕರಣದ ಫೋಟೋ ಕಾಣುತ್ತವೆ. "ವಿಶಿಷ್ಟ ಅಭಿರುಚಿ" ಎಂದು ಹೊಸಬರು ಮೆಚ್ಚುತ್ತಾರೆ. ಹಳಬರು ಫೋಟೋ ಎಣಿಸಿ ನಗುತ್ತಾರೆ. ಒಂದು ಕಡೆ ಡ್ರಿಲ್ ಒಳಹೋಗದೆ ಕಿರುಚಿತು. ರಾಯರು ಇನ್ನಷ್ಟು ಒತ್ತಿದರು. "ರೀ, ನಿಲ್ಸಿ!" ಎಂದು ಹೆಂಡತಿ ಕೂಗದಿದ್ದರೆ ಕಷ್ಟವಿತ್ತು. ವೈರು, ಪೈಪು ಹಾದುಹೋಗುವಲ್ಲಿ ಸ್ಕ್ರೂ ತಾಗದಿರಲೆಂದು ಕಂಬಕ್ಕೆ ಉಕ್ಕಿನ ತಗಡು ಹೊಡೆದಿರುತ್ತಾರೆ.

ಸ್ಟಡ್‌ಗಳೇನೋ ಸಿಕ್ಕವು. ಆದರೆ ರೇಲಿಂಗಿನ ಎರಡೂ ತುದಿಗೆ ಬ್ರಾಕೆಟ್ ಬೇಕಾದಲ್ಲಿ ಪೊಳ್ಳು. ರಾಯರು ಎಕ್ಸೆಲ್ ತೆರೆದು, ಮೆಟ್ಟಿಲ ಇಳಿಜಾರಿನ ಕೋನ ಹಾಕಿ, ಬಣ್ಣ ಬಣ್ಣದ ಗೆರೆ ಎಳೆದು, ಕಂಬಗಳು ಜಾಗ ಬದಲಿಸುತ್ತವೇನೋ ಎಂದು ಕಾದರು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ತಿರುಗಿ ನೋಡದೆ ಹೇಳಿದರು, "ಇಡೀ ಉದ್ದಕ್ಕೆ ಒಂದು ಪಟ್ಟಿ ಹಲಗೆ ಕೂರಿಸಿ, ಸಿಕ್ಕ ಕಂಬಕ್ಕೆಲ್ಲ ಅದನ್ನ ಬಿಗೀರಿ. ಬ್ರಾಕೆಟ್ಟು ಆ ಹಲಗೆ ಮೇಲೆ ಎಲ್ಲಿ ಬೇಕಾದ್ರೂ ಕೂರತ್ತೆ." ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅದೇ ಹಾದಿಯಲ್ಲಿ ಯೋಚಿಸ್ತಿದ್ದೆ" ಎಂದರು.

ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ಮರ ಸೀಳದಂತೆ ಮೊದಲು ಸಣ್ಣ ತೂತು, ಆಮೇಲೆ ಮೂರಿಂಚಿನ ಸ್ಕ್ರೂ. ಸೀರೆಯ ಸೆರಗು ಸಿಕ್ಕಿಕೊಳ್ಳದಂತೆ ರೇಲಿಂಗಿನ ತುದಿಗಳನ್ನು ಗೋಡೆಗೇ ತಿರುಗಿಸಿದ್ದಾರೆ. ಈಗ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಬೇಸ್‌ಮೆಂಟ್ ದರ್ಶನ. "ಜಗ್ಗಿ, ಇನ್ನೂ ಜಗ್ಗಿ, ಸಂಕೋಚ ಬೇಡ" ಎನ್ನುತ್ತಾರೆ. ಮೈಭಾರದವರು ಬಂದರಂತೂ ವಿಶೇಷ ಉಪಚಾರ. ಅವರ ತೂಕವನ್ನು ಮೆಲ್ಲಗೆ ವಿಚಾರಿಸಿ 200 ಪೌಂಡಿಗೆ ಎಷ್ಟು ಕಡಿಮೆಯೆಂದು ಲೆಕ್ಕ ಹಾಕುತ್ತಾರೆ.

ಅಮ್ಮ ರೇಲಿಂಗ್ ಹಿಡಿದು ಇಳಿದು, ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟು ಮತ್ತೆ ಹತ್ತಿಬಂದರು.

"ಗಟ್ಟಿಯಾಗಿದೆ ಕಣೋ. ಆದ್ರೆ ಇಳಿಯೋವಾಗ ಬಲಗಡೆ ಇರೋದು ಹತ್ತೋವಾಗ ಎಡಗಡೆ ಆಗತ್ತಲ್ಲ. ಆ ಕಡೆ ಗೋಡೆಗೂ ಒಂದು ಹಾಕಿಬಿಡು."

ರಾಯರ ಮುಖ ಊರಗಲವಾಯಿತು. ಅವರು ಡ್ರಿಲ್ ತರಲು ಗ್ಯಾರೇಜಿಗೆ ಓಡಿದರು. ಹೆಂಡತಿ ಫೋಟೋ ಹುಡುಕಲು ಅಟ್ಟ ಹತ್ತಿದರು.