ಯಾರಯ್ಯ ಇವರಿಗೆ ವೋಟು ಹಾಕಿದ್ದು?

ಗಾಂಧಿಬಜಾರಿನ ಒಂದು ಅಡ್ಡರಸ್ತೆಯಲ್ಲಿ ಕಡಿದಾದ ಮೆಟ್ಟಿಲು ಹತ್ತಿದರೆ ನಮ್ಮ ಆಡಿಟರ ಕಚೇರಿ. ನಾನು ಅಲ್ಲಿ ಮೂರು ವರ್ಷ ಆರ್ಟಿಕಲ್ ಹುಡುಗನಾಗಿ ವೋಚರಿಗೆ ಟಿಕ್ಕು ಹಾಕಿದವನು. ಅವರ ಪಾರ್ಟಿಗಳೆಂದರೆ ಎರಡು ದರ್ಶಿನಿ, ಒಂದು ಕಲ್ಯಾಣಮಂಟಪ, ಒಂದು ಪಾತ್ರೆ ಅಂಗಡಿ, ಒಂದು ಪತ್ತಿನ ಸಹಕಾರ ಸಂಘ. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳ ದೇಶಿ ಅವತಾರವಾದ ಇಂಡ್ ಎಎಸ್ ಅನ್ವಯವಾಗಬೇಕಾದರೆ ಸ್ಥೂಲವಾಗಿ ಕಂಪನಿ ಷೇರುಪೇಟೆಯಲ್ಲಿರಬೇಕು, ಇಲ್ಲವೇ 250 ಕೋಟಿಯ ನೆಟ್‌ವರ್ತ್ ಇರಬೇಕು. ನಮ್ಮವರಲ್ಲಿ ಆ ಗೆರೆಯ ಹತ್ತಿರ ಸುಳಿದವರೂ ಇಲ್ಲ.

ಆದರೂ ಆ ಅಂತರರಾಷ್ಟ್ರೀಯ ಮಾನದಂಡಗಳನ್ನು ಬರೆಯುವ ಲಂಡನ್ನಿನ ಮಂಡಳಿಯ ಹೆಸರೆತ್ತಿದರೆ ಸಾಕು, ಆಡಿಟರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

"ಹತ್ತು-ಹದಿನಾಲ್ಕು ಜನ ಕೂತು ಬರೀತಾರೆ, 140ಕ್ಕೂ ಹೆಚ್ಚು ದೇಶ ತಲೆ ಆಡಿಸ್ತವೆ. ಯಾರಯ್ಯ ಇವರಿಗೆ ವೋಟು ಹಾಕಿದ್ದು?"

"ಟ್ರಸ್ಟಿಗಳು ನೇಮಕ ಮಾಡ್ತಾರಲ್ಲ ಸಾರ್."

"ಟ್ರಸ್ಟಿಗಳನ್ನ?"

"ಟ್ರಸ್ಟಿಗಳೇ. ಮೇಲೊಂದು ಉಸ್ತುವಾರಿ ಮಂಡಳಿ ಒಪ್ಪಬೇಕು."

"ಅಂದ್ರೆ ಸ್ವಾಮಿಗಳು ಮರಿ ಆರಿಸಿಕೊಂಡ ಹಾಗೆ. ಮಠದಲ್ಲಾದ್ರೆ ಭಕ್ತರು ಗಲಾಟೆ ಮಾಡಬಹುದು."

ನಮ್ಮ ಬೆಂಗಳೂರಿನ ಮೋಹನ್‌ದಾಸ್ ಪೈ ಕೂಡ ಒಂದು ಕಾಲಕ್ಕೆ ಅಲ್ಲಿ ಟ್ರಸ್ಟಿಯಾಗಿದ್ದರು ಎಂದು ಒಮ್ಮೆ ನೆನಪಿಸಿದೆ. "ಅವರು ನನ್ನ ಕೇಳಿ ಹೋದ್ರೇನೋ?" ಎಂದರು. ಮಂಡಳಿಯನ್ನು ನಡೆಸುವ ಸಂಸ್ಥೆಯ ಕಚೇರಿ ಲಂಡನ್ನಿನಲ್ಲಿ, ನೋಂದಣಿ ಅಮೆರಿಕದ ಡೆಲವೇರ್‌ನಲ್ಲಿ, ಆದರೆ ಅಮೆರಿಕ ತನ್ನ ಕಂಪನಿಗಳಿಗೆ ಬಳಸುವುದು ತನ್ನದೇ ನಿಯಮ. ಇದನ್ನು ಹೇಳುವಾಗ ಅವರ ಮುಖದಲ್ಲಿ ಬೀಗರ ಮನೆಯ ಗುಟ್ಟು ಸಿಕ್ಕವರ ಕಳೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅವರ ಹತ್ತಿರ 2008 ಇದೆ. ಆ ವರ್ಷ ಬ್ಯಾಂಕುಗಳು ಕುಸಿಯುತ್ತಿದ್ದಾಗ ಯುರೋಪಿನ ರಾಜಕಾರಣಿಗಳು ಒತ್ತಡ ಹಾಕಿದರು. ಸಾರ್ವಜನಿಕರ ಅಭಿಪ್ರಾಯ ಕೇಳುವ ಶಾಸ್ತ್ರವನ್ನೇ ಬಿಟ್ಟು ಮಂಡಳಿ ಅಕ್ಟೋಬರ್ 13ರಂದು ತಿದ್ದುಪಡಿ ಹೊರಡಿಸಿತು. ಬೆಲೆ ಬಿದ್ದ ಕೆಲವು ಹೂಡಿಕೆಗಳನ್ನು ಬೇರೆ ಗುಂಪಿಗೆ ಸರಿಸಿ ನಷ್ಟವನ್ನು ಲಾಭ-ನಷ್ಟದ ಪಟ್ಟಿಯಿಂದ ದೂರ ಇಡಲು ದಾರಿಯಾಯಿತು. ಅದೂ ಜುಲೈ 1ರಿಂದಲೇ ಲೆಕ್ಕ ಹಿಡಿಯಬಹುದೆಂದು.

"ಹಿಂದಿನ ತಾರೀಖು ಕಣೋ! ಪಾತ್ರೆ ಅಂಗಡಿಯವನ ಬಿಲ್ಲಿಗೆ ನಾನು ಹಿಂದಿನ ತಾರೀಖು ಹಾಕಿದ್ರೆ ಸದಸ್ಯತ್ವ ಹೋಗತ್ತೆ. ಅವರು ಹಾಕಿದ್ರೆ ಮಾನದಂಡ!"

ಇದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.

ಉಳಿದ ದಿನಗಳಲ್ಲಿ ಮಂಡಳಿ ಕರಡು ಪ್ರಕಟಿಸಿ, ಸಾಮಾನ್ಯವಾಗಿ 120 ದಿನ ಕೊಟ್ಟು, ಯಾರು ಬೇಕಾದರೂ ಬರೆಯಿರಿ ಎನ್ನುತ್ತದೆ. "ದೊಡ್ಡ ಆಡಿಟ್ ಕಂಪನಿಯವರು, ಬ್ಯಾಂಕಿನವರು ಬರೀತಾರೆ. ಅದರ ನಡುವೆ ಗಾಂಧಿಬಜಾರಿನ ಪತ್ರ ಯಾವ ಲೆಕ್ಕ?" ಎಂಬುದು ಅವರ ವಾದ. ಬರೆದು ಸೋತವರ ಬಾಯಲ್ಲಿ ಈ ಮಾತಿಗೆ ತೂಕವಿರುತ್ತಿತ್ತು.

ಲಾಭ-ನಷ್ಟದ ಪಟ್ಟಿ ಹೇಗಿರಬೇಕೆಂಬ ಕರಡು 2019ರ ಡಿಸೆಂಬರಿನಲ್ಲಿ ಬಂತು. ಕೊರೊನಾ ಕಾರಣಕ್ಕೆ ಗಡುವನ್ನು 2020ರ ಸೆಪ್ಟೆಂಬರ್ 30ಕ್ಕೆ ಮುಂದೂಡಿದರು. ಕಚೇರಿಗೆ ಬೀಗ, ದರ್ಶಿನಿಗೆ ಬೀಗ, ಆಡಿಟರು ಮನೆಯಲ್ಲಿ. ವಾರಕ್ಕೆರಡು ಸಲ ನನಗೆ ಫೋನು: "ಬರೀಬೇಕು ಕಣೋ, ಈ ಸಲ ಬಿಡಬಾರದು." ಹಿಂದಿನಿಂದ ಅವರ ಮನೆಯವರ ದನಿ: "ಮೊದಲು ನೀರಿನ ಬಿಲ್ಲು ಕಟ್ಟಿ."

ಆ ಕರಡೇ 2024ರ ಏಪ್ರಿಲ್‌ನಲ್ಲಿ ಐಎಫ್‌ಆರ್‌ಎಸ್ 18 ಎಂಬ ಮಾನದಂಡವಾಗಿ ಹೊರಬಿತ್ತು. ಅವತ್ತು ಆಡಿಟರಲ್ಲಿಗೆ ಕಾಫಿಗೆ ಹೋಗಿದ್ದೆ. "ನಮ್ಮನ್ನ ಯಾರು ಕೇಳಿದ್ರು?" ಎಂದು ಕನ್ನಡಕ ಮೇಜಿಗಿಟ್ಟರು. ಅವರು ಒಳಗೆ ಸಕ್ಕರೆ ತರಲು ಹೋದಾಗ ನಾನು ಅವರ ಕಂಪ್ಯೂಟರಿನಲ್ಲಿ 2020ರ ಫೋಲ್ಡರು ತೆರೆದೆ. ಲಂಡನ್ನಿಗೆ ಬರೆದ ಪತ್ರ ಸಿಕ್ಕಿತು. 'ಮಾನ್ಯರೇ' ಇತ್ತು, ಮುಂದೆ ಒಂದು ಅಲ್ಪವಿರಾಮ, ಅದರ ಕೆಳಗೆ ಖಾಲಿ ಹಾಳೆ. ಫೈಲಿನ ಹೆಸರು, 'ಫೈನಲ್-2'.