ರುಚಿ ನೋಡಿದ್ದಕ್ಕೂ ಲೆಕ್ಕ

ನನ್ನ ತೂಕದ ಚರಿತ್ರೆ ನಮ್ಮ ಬೀದಿಯ ಟೈಲರಮ್ಮನಿಗೆ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿಲ್ಲ. ಡಾಕ್ಟರ ಮುಂದೆ ಚಪ್ಪಲಿ, ವಾಚು, ವ್ಯಾನಿಟಿ ಬ್ಯಾಗು ಎಲ್ಲ ಬದಿಗಿಟ್ಟು, ಉಸಿರು ಪೂರ್ತಿ ಹೊರಗೆ ಬಿಟ್ಟು ತೂಕದ ಯಂತ್ರ ಹತ್ತಬಹುದು. ಟೈಲರಮ್ಮನ ಟೇಪಿನ ಹತ್ತಿರ ಆ ಆಟ ನಡೆಯುವುದಿಲ್ಲ. ನನ್ನ ರವಿಕೆಗಳ ಒಳಗೆ ಆಕೆ ಮಡಚಿಟ್ಟ ಬಟ್ಟೆಯಲ್ಲಿ ಬಿಚ್ಚಿದ ಹೊಲಿಗೆಗಳ ಗುರುತು ಸಾಲುಸಾಲಾಗಿದೆ: ಇದು ಗೃಹಪ್ರವೇಶದ್ದು, ಇದು ಲಾಕ್‌ಡೌನಿನದು, ಇದು ನಾದಿನಿಯ ಮಗಳ ಮದುವೆಗೆಂದು ಹಟ ಹಿಡಿದು ಇಳಿಸಿದ್ದು, ಇದು ಮದುವೆ ಮುಗಿದ ಮೇಲೆ ಬಂದದ್ದು. ಗೌರಿ ಹಬ್ಬಕ್ಕೆ ಮುಂಚೆ ಆಕೆ ರವಿಕೆಯನ್ನು ಒಳಮಗ್ಗುಲು ತಿರುವಿ ನೋಡಿ, "ಇನ್ನು ಬಿಚ್ಚೋಕೆ ಬಟ್ಟೆ ಇಲ್ಲ ಮೇಡಂ" ಎಂದಳು. ಗಂಡನ ಕುಹಕ, ಡಾಕ್ಟರ ಎಚ್ಚರಿಕೆ, ಮಹಡಿ ಮೆಟ್ಟಿಲಿನ ಏದುಸಿರು ಯಾವುದಕ್ಕೂ ಜಗ್ಗದ ನಾನು ಆ ಮಾತಿಗೆ ಜಗ್ಗಿದೆ.

ಇಳಿಸುವ ವಿದ್ಯೆ ನನಗೆ ಹೊಸದಲ್ಲ. ಹಿಂದಿನ ಸಲ ಅನ್ನ ಬಿಟ್ಟಿದ್ದೆ, ರಾತ್ರಿ ಊಟ ಬಿಟ್ಟಿದ್ದೆ, ಬೆಳಗಾಗೆದ್ದು ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ಹದಿಮೂರು ಕಿಲೋ ಇಳಿದು, ಹಳೆಯ ಧರ್ಮಾವರಂ ಸೀರೆಗೆ ಹಳೆಯ ರವಿಕೆಯನ್ನೇ ತೊಟ್ಟು, ಛತ್ರದೊಳಗೆ ಮೆಚ್ಚುಗೆಯ ನಿರೀಕ್ಷೆಯಲ್ಲಿ ಕಾಲಿಟ್ಟೆ. ಸಿಕ್ಕಿದವರೆಲ್ಲ ಕೈಹಿಡಿದು ಪಕ್ಕಕ್ಕೆ ಕರೆದು, "ಶುಗರ್ರಾ?" ಎಂದು ಪಿಸುಗುಟ್ಟಿದರು. ದೂರದ ನೆಂಟರೊಬ್ಬರು ನನ್ನನ್ನು ಬಿಟ್ಟು ಅತ್ತೆಯನ್ನೇ ಹಿಡಿದರು: "ಏನ್ರೀ, ಸೊಸೆ ಇಷ್ಟೊಂದು ಸೊರಗಿದಾಳೆ? ಮನೇಲಿ ಎಲ್ಲ ಸರಿಯಾಗಿದೆ ತಾನೆ?"

ಸೊಸೆಯ ಕೆನ್ನೆ ಅತ್ತೆಯ ಮಾನ. ಮಾರನೆಯ ದಿನದಿಂದಲೇ ದುರಸ್ತಿ ಕೆಲಸ ಶುರುವಾಯಿತು. ಬಾಣಂತಿಯರಿಗೆ ಮಾಡುವ ಅಂಟಿನುಂಡೆ, ಹೆರಿಗೆಯಾಗಿ ಇಪ್ಪತ್ತು ವರ್ಷ ಕಳೆದಿದ್ದ ನನಗೆ ಮತ್ತೆ ಬಂತು. ಸಾರಿನ ಮೇಲೆ ತುಪ್ಪ ತೇಲಿತು. ನಾನು ಬೇಡ ಎನ್ನಲಿಲ್ಲವೇ ಎಂದರೆ, ಅಂದೆ. ಬಾಯಲ್ಲಿ ಉಂಡೆ ಇದ್ದುದರಿಂದ ಅವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಹದಿಮೂರಕ್ಕೆ ಹದಿನಾರು, ಬಡ್ಡಿ ಸಮೇತ ಬಂತು.

ಇದು ನನ್ನೊಬ್ಬಳ ಕಥೆಯಲ್ಲ ಎಂದು ಆಮೇಲೆ ಓದಿ ಸಮಾಧಾನಪಟ್ಟುಕೊಂಡೆ. ಅಮೆರಿಕದಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ಟೀವಿ ಸ್ಪರ್ಧೆ ಇತ್ತು. ಯಾರು ಹೆಚ್ಚು ತೂಕ ಇಳಿಸುತ್ತಾರೋ ಅವರು ಗೆದ್ದರು. ಅದರಲ್ಲಿದ್ದ 14 ಜನರನ್ನು ಆರು ವರ್ಷ ಬಿಟ್ಟು ಪರೀಕ್ಷಿಸಿದ ವಿಜ್ಞಾನಿಗಳ ವರದಿ 2016ರಲ್ಲಿ ಬಂತು. ಇಳಿದಿದ್ದರಲ್ಲಿ ಬಹುಪಾಲು ವಾಪಸು ಬಂದಿತ್ತಂತೆ. ಅದಕ್ಕಿಂತ ಅನ್ಯಾಯವೆಂದರೆ, ಅವರ ಮೈ ಸುಮ್ಮನೆ ಕೂತಾಗ ಸುಡಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಒಮ್ಮೆ ಬರಗಾಲ ಕಂಡ ದೇಹ ಆರು ವರ್ಷವಾದರೂ ಮರೆಯುವುದಿಲ್ಲ. ಈ ಬಗೆಯ ನೆನಪಿನ ಶಕ್ತಿ ನಾನು ನಮ್ಮ ಅತ್ತೆಯಲ್ಲಿ ಮಾತ್ರ ಕಂಡಿದ್ದೆ.

"ಈ ಸಲ ಏನೂ ಬಿಡಬೇಡಮ್ಮ, ಲೆಕ್ಕ ಇಡು ಸಾಕು" ಎಂದು ಮಗ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಪಿಷ್ಟ, ಪ್ರೋಟೀನು ಒಂದು ಗ್ರಾಮಿಗೆ 4 ಕ್ಯಾಲೊರಿ, ಕೊಬ್ಬು 9. ಇದನ್ನೆಲ್ಲ ಲೆಕ್ಕ ಹಾಕಿದವನು ಅಟ್‌ವಾಟರ್ ಎಂಬ ಅಮೆರಿಕನ್ನನಂತೆ. 1890ರ ದಶಕದಲ್ಲಿ ಆತ ಜನರನ್ನು ಪುಟ್ಟ ಕೋಣೆಯಂಥ ಪೆಟ್ಟಿಗೆಯೊಳಗೆ ದಿನಗಟ್ಟಲೆ ಇರಿಸಿ, ಅವರ ಮೈಯಿಂದ ಹೊರಬರುವ ಶಾಖ ಅಳೆದ. ಮಗ ಇದನ್ನು ವಿವರಿಸುತ್ತಿದ್ದರೆ ಅತ್ತೆಗೆ ಒಂದೇ ಚಿಂತೆ.

"ಪಾಪ, ಒಳಗಿದ್ದವರಿಗೆ ಊಟ?"

"ಕಿಂಡಿಯಿಂದ ಕೊಡ್ತಿದ್ರು ಅಜ್ಜಿ, ತೂಕ ಮಾಡಿ."

"ತೂಗಿ ಊಟ ಹಾಕೋದಾ! ಅದೆಂಥ ಮನೆಯೋ!"

ಅಂಥದೇ ಮನೆ ನಮ್ಮದೂ ಆಗುವ ಕಾಲ ಬಂದಿತ್ತು. ನಾನು ಪುಟ್ಟದೊಂದು ಡಿಜಿಟಲ್ ತಕ್ಕಡಿ ತರಿಸಿದಾಗ, "ಅಂಗಡಿ ಇಡ್ತೀಯೇನೇ?" ಎಂದರು. ನಮ್ಮ ಅಡುಗೆಮನೆಯಲ್ಲಿ ಗ್ರಾಂ ಎಂಬುದು ಚಾಲ್ತಿಯಲ್ಲೇ ಇರಲಿಲ್ಲ. ಅಕ್ಕಿ ಪಾವಿನಲ್ಲಿ, ಬೇಳೆ ಹಿಡಿಯಲ್ಲಿ, ಇಂಗು ಚಿಟಿಕೆಯಲ್ಲಿ, ಹುಣಸೆಹಣ್ಣು ನಿಂಬೆಗಾತ್ರದಲ್ಲಿ (ನಿಂಬೆ ಯಾವ ಗಾತ್ರದ್ದು ಎಂದು ಕೇಳಬಾರದು), ತುಪ್ಪ ಎದುರಿಗೆ ಕೂತವರ ಮೇಲಿನ ವಿಶ್ವಾಸದಲ್ಲಿ. ಟೀ ಚಮಚ ತುಪ್ಪಕ್ಕೆ 45 ಕ್ಯಾಲೊರಿ ಎಂದು ಆ್ಯಪ್ ಹೇಳುತ್ತದೆ, ಸರಿ. ಅಳಿಯ ಬಂದ ದಿನ ಅತ್ತೆ ಮಿಳ್ಳೆ ಬಗ್ಗಿಸಿ ಕೈ ಎತ್ತಲು ಮರೆತರೆ ಅದಕ್ಕೆಷ್ಟು?

ಇನ್ನು ಆ್ಯಪಿನ ಜ್ಞಾನ. ಬಿಸಿಬೇಳೆಬಾತ್ ಎಂದು ಹುಡುಕಿದರೆ ಒಂದು ಬಟ್ಟಲಿಗೆ 180 ಎಂದು ಒಂದು ಕಡೆ, 420 ಎಂದು ಇನ್ನೊಂದು ಕಡೆ. ನಾನು 180ರದ್ದನ್ನು ಆರಿಸಿಕೊಂಡೆ. ಗೊಜ್ಜವಲಕ್ಕಿ ಅದರ ಪಟ್ಟಿಯಲ್ಲೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕ್ಯಾಲೊರಿಯೂ ಇಲ್ಲವೆಂದು ತೀರ್ಮಾನಿಸಿ ವಾರವಿಡೀ ಗೊಜ್ಜವಲಕ್ಕಿ ತಿಂದೆ. ಮುದ್ದೆ ತಿಂದರೆ ಇಳಿಯುತ್ತಾರೆ ಎಂಬ ಬಹುಕಾಲದ ನಂಬಿಕೆಯಿಂದ ರಾತ್ರಿ ಬಸ್ಸಾರಿನಲ್ಲಿ ಎರಡು ಮುದ್ದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ಮಗ ತೆರೆದು ತೋರಿಸಿದ: 100 ಗ್ರಾಂ ಅಕ್ಕಿಗೆ ಸುಮಾರು 350, ಅಷ್ಟೇ ರಾಗಿಗೆ ಸುಮಾರು 320. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಹೆಚ್ಚು, ಎಲ್ಲ ನಿಜ. ಆದರೆ ಎರಡು ಮುದ್ದೆ ಎರಡು ಮುದ್ದೆಯೇ.

ತಿಂಗಳ ಕೊನೆಗೆ ಆ್ಯಪಿನ ಪ್ರಕಾರ ನಾನು ದಿನಕ್ಕೆ 1200 ಕ್ಯಾಲೊರಿ ಮೀರಿರಲಿಲ್ಲ. ಯಂತ್ರದ ಪ್ರಕಾರ ಅರ್ಧ ಕಿಲೋ ಏರಿದ್ದೆ. ನನಗೆ ಥೈರಾಯ್ಡ್ ಇರಬೇಕೆಂದೆ. ಯಂತ್ರ ಕೆಟ್ಟಿರಬೇಕೆಂದೆ. ಮಗ ಏನನ್ನೋ ಹುಡುಕಿ ಓದಿದ: 1992ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದದ್ದು. ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ ಎನ್ನುವವರನ್ನೇ ಆರಿಸಿ ಪರೀಕ್ಷಿಸಿದರೆ, ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ಮಾಡಿದ ವ್ಯಾಯಾಮವನ್ನು ಶೇ 51ರಷ್ಟು ಹೆಚ್ಚು ಬರೆದಿದ್ದರು. ಥೈರಾಯ್ಡ್ ಸರಿಯಾಗಿಯೇ ಇತ್ತು.

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಅಲ್ವೋ, ನಿಮ್ಮಮ್ಮ ರುಚಿ ನೋಡಿದ್ದನ್ನ ಬರೀತಾಳೇನೋ?"

ಮನೆಯಲ್ಲಿ ಮೌನ. ಆಮೇಲೆ ಅವರು ಒಂದೊಂದಾಗಿ ಬಿಚ್ಚಿಟ್ಟರು. ಹುಳಿಗೆ ಉಪ್ಪು ಸಾಕೇ ಎಂದು ನೋಡಲು ಒಂದು ಸೌಟು, ಸಾಕಾಯಿತು ಎಂದು ಖಚಿತಪಡಿಸಿಕೊಳ್ಳಲು ಇನ್ನೊಂದು. ಕಾವಲಿ ಕಾಯದೆ ಹರಿದುಹೋದ ಮೊದಲ ದೋಸೆ. ಮಗ ತಟ್ಟೆಯಲ್ಲಿ ಬಿಟ್ಟ ಅನ್ನ, ಚೆಲ್ಲಿದರೆ ಅನ್ನಪೂರ್ಣೆ ಮುನಿಯುತ್ತಾಳೆಂದು. ಡಬ್ಬಿಯ ತಳದ ಚಕ್ಕುಲಿ ಚೂರು. ಧಾರಾವಾಹಿ ನೋಡುತ್ತಾ ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ಎಂದರೆ 30 ಗ್ರಾಂ, ಎಂದರೆ ಸುಮಾರು 170 ಕ್ಯಾಲೊರಿ. ಅದನ್ನು ಕರಗಿಸಲು ಮೂರು ಕಿಲೋಮೀಟರ್ ನಡೆಯಬೇಕು, ಧಾರಾವಾಹಿ ಬಿಟ್ಟು.

ಅಂದು ಸಂಜೆಯೇ ಅತ್ತೆ ಹಾಲಿನ ಲೆಕ್ಕದ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದರು. ಆ ಪುಸ್ತಕದ ಮುಂದೆ ನಮ್ಮ ಹಾಲಿನವನು ಈವರೆಗೆ ಒಂದು ಪಾವು ಹಾಲಿನ ವಾದವನ್ನೂ ಗೆದ್ದಿಲ್ಲ. 'ಸೋಮವಾರ. ಸೊಸೆ. ಚಕ್ಕುಲಿ ಚೂರು, ನಿಂತುಕೊಂಡು' ಎಂದು ಮೊದಲ ನಮೂದು. ಕ್ಯಾಲೊರಿ ತುಂಬುವ ಕೆಲಸ ಮೊಮ್ಮಗನದು. ಅಂಟಿನುಂಡೆ ತಿನ್ನಿಸಿದ ಕೈಯೇ ಈಗ ಲೆಕ್ಕ ಬರೆಯುತ್ತಿದೆಯಲ್ಲ ಎಂದು ಕೇಳಿದರೆ, "ಆಗ ಯಾರೂ ನನಗೆ ಲೆಕ್ಕ ಹೇಳಿರಲಿಲ್ಲ" ಎಂದರು.

ಪ್ರೋತ್ಸಾಹದಲ್ಲೂ ಬಗೆಗಳಿವೆ. ಆ್ಯಪಿನದು ಬೆಲೆಯಿಲ್ಲದ್ದು: ಪಾಯಸ ಮೂರು ಬಟ್ಟಲು ಎಂದು ಬರೆದರೂ, ತಪ್ಪದೆ ಬರೆದಿರಿ ಶಭಾಷ್ ಎಂದು ಬಣ್ಣದ ಕಾಗದ ಚಿಮ್ಮಿಸುತ್ತದೆ. ನಮ್ಮವರದು ದುಬಾರಿ: ಎರಡು ಕಿಲೋ ಇಳಿದೆ ಎಂದ ಸಂಜೆ ಸಂಭ್ರಮಕ್ಕೆಂದು ಅರ್ಧ ಕಿಲೋ ಮೈಸೂರು ಪಾಕ್ ತಂದರು. "ರೀ, ನಿಮಗೆ ಬುದ್ಧಿ ಇದೆಯಾ?" ಎಂದರೆ, "ಇನ್ನೂ ಒಂದೂವರೆ ಕಿಲೋ ಲಾಭದಲ್ಲೇ ಇದ್ದೀಯಲ್ಲ" ಎಂದರು. ಅತ್ತೆಯದು ಮಾತ್ರ ನಿಜವಾದದ್ದು. ರಾತ್ರಿ ಪುಸ್ತಕ ಮುಚ್ಚುವಾಗ ಕನ್ನಡಕದ ಮೇಲಿಂದ ನೋಡಿ, "ನಿನ್ನೆಗಿಂತ ತುಪ್ಪ ಅರ್ಧ ಚಮಚ ಕಮ್ಮಿ. ಪರವಾಗಿಲ್ಲ ಕಣೇ" ಎಂದರೆ ನನಗೆ ಪದಕ ಬಂದಷ್ಟು ಖುಷಿ.

ಒಂದು ದಿನ ಅವರಿಗೆ ಜೀನ್ ನಿಡೆಚ್ ಎಂಬಾಕೆಯ ಕಥೆ ಹೇಳಿದೆ. ನ್ಯೂಯಾರ್ಕಿನ ಕ್ವೀನ್ಸ್‌ನ ಗೃಹಿಣಿ. ಸೂಪರ್ ಮಾರ್ಕೆಟ್ಟಿನಲ್ಲಿ ಪರಿಚಯದವಳೊಬ್ಬಳು ಆಕೆಯನ್ನು ಬಸುರಿ ಎಂದುಕೊಂಡು ಹೆರಿಗೆ ಯಾವಾಗ ಎಂದು ಕೇಳಿಬಿಟ್ಟಳು. 1961ರಲ್ಲಿ ಈಕೆ ಒಂದಷ್ಟು ದಪ್ಪನೆಯ ಗೆಳತಿಯರನ್ನು ಮನೆಗೆ ಕರೆದು, ತಾನು ಬಚ್ಚಲುಮನೆಯ ಮಾಸಿದ ಬಟ್ಟೆಯ ಬುಟ್ಟಿಯಲ್ಲಿ ಬಿಸ್ಕತ್ತು ಬಚ್ಚಿಟ್ಟು ತಿನ್ನುವುದನ್ನು ಹೇಳಿಕೊಂಡಳು. ಎಲ್ಲರೂ ತಮ್ಮತಮ್ಮದನ್ನು ಹೇಳಿಕೊಳ್ಳುತ್ತಾ ಹೋದರು. ವಾರವಾರ ಕೂಡಿದ ಆ ಗುಂಪೇ 1963ರಲ್ಲಿ 'ವೇಟ್ ವಾಚರ್ಸ್' ಕಂಪನಿಯಾಯಿತು. ಅತ್ತೆ ಗಲ್ಲದ ಮೇಲೆ ಬೆರಳಿಟ್ಟು ಕೇಳಿದರು, ಕಥೆ ಮುಗಿದ ಮೇಲೆ ಮಾತಾಡದೆ ಎದ್ದು ಹೋಗಿ ನಮ್ಮ ಬಟ್ಟೆ ಬುಟ್ಟಿಯನ್ನು ತಡಕಿದರು. ಏನೂ ಸಿಗಲಿಲ್ಲ. ನನ್ನದು ಅಕ್ಕಿಹಿಟ್ಟಿನ ಡಬ್ಬಿಯ ಹಿಂದಿತ್ತು. ಅದೂ ಮಾರನೆಯ ದಿನ ಪುಸ್ತಕಕ್ಕೆ ಏರಿತು.

ಈಗ ಒಂಬತ್ತು ಕಿಲೋ ಇಳಿದಿದ್ದೇನೆ. ವಾರಕ್ಕೆ ಅರ್ಧ ಕಿಲೋ ಇಳಿಸುವುದು ಕ್ಷೇಮ ಎಂದು ಅದೇ ಹೈದರಾಬಾದಿನ ಸಂಸ್ಥೆ ಹೇಳುತ್ತದೆ. ನಾನು ಅಷ್ಟೂ ಆತುರಪಟ್ಟಿಲ್ಲ. ಅನ್ನವಿದೆ, ತುಪ್ಪವಿದೆ, ಹಬ್ಬಕ್ಕೆ ಒಂದು ಹೋಳಿಗೆಯೂ ಇದೆ, ಎಲ್ಲವೂ ಬರವಣಿಗೆಯಲ್ಲಿ.

ಮುಂದಿನ ತಿಂಗಳು ನಮ್ಮ ಮೈದುನನ ಮಗನ ಮುಂಜಿ. ಬರುವ ನೆಂಟರಿಷ್ಟರಲ್ಲಿ ಒಂದು ವಿನಂತಿ: ದಯವಿಟ್ಟು ಅತ್ತೆಯನ್ನು ಪಕ್ಕಕ್ಕೆ ಕರೆದು ಏನನ್ನೂ ವಿಚಾರಿಸಬೇಡಿ. ಕೇಳಲೇಬೇಕೆನ್ನಿಸಿದರೆ ನನ್ನನ್ನೇ ಕೇಳಿ, ಎಷ್ಟು ಇಳಿದೆ ಅಂತ. ದಶಮಾಂಶ ಸಮೇತ ಹೇಳುತ್ತೇನೆ.