ವ್ಯಾಟಿಕನ್ ಮಾವ

ಹೊಸಪೇಟೆಯ ನಮ್ಮ ಓಣಿಯಲ್ಲಿ ಅವರಿಗೆ ಬ್ಯಾಂಕ್ ಮಾವ ಅಂತ ಹೆಸರಿತ್ತು. ರಿಟೈರ್ ಆದ ದುಡ್ಡಲ್ಲಿ ಅತ್ತೆಯನ್ನೂ ಕರೆದುಕೊಂಡು ಯುರೋಪ್ ಟೂರ್ ಮುಗಿಸಿ ಬಂದ ಮೇಲೆ ವ್ಯಾಟಿಕನ್ ಮಾವ ಆದರು. ನೋಡಿದ್ದು ಏಳು ದೇಶವಾದರೂ ಬಾಯಿಗೆ ಬರುವುದು ಅದೊಂದೇ. ಒಗ್ಗಾಣಿಗೆ ಮಿರ್ಚಿ ಕಚ್ಚಿಕೊಳ್ಳುತ್ತ ಶುರು ಮಾಡುತ್ತಾರೆ:

"ನೋಡಪಾ, ಇಡೀ ದೇಶ ಅಂದ್ರ 44 ಹೆಕ್ಟೇರು. ನೂರೆಂಟು ಎಕರೆ! ಕಂಪ್ಲಿಯಾಗ ನಮ್ಮ ಬೀಗರ ಅಣ್ತಮ್ಮಂದಿರ ಗದ್ದಿ ಎಲ್ಲಾ ಕೂಡಿಸಿದ್ರ ಅಷ್ಟಾಗ್ತತಿ. ಅದಕ್ಕೂ ತನ್ನದೇ ಅಂಚೆಚೀಟಿ, ತನ್ನದೇ ಪಹರೆ!"

ಆ ಪಹರೆಯವರ ಪಟ್ಟೆಪಟ್ಟೆ ಉಡುಪನ್ನು ಬಯಲಾಟದ ವೇಷಕ್ಕೆ ಹೋಲಿಸಿ, ಎದ್ದು ನಿಂತು ಅಭಿನಯಿಸಿಯೂ ತೋರಿಸುತ್ತಾರೆ. ಚರ್ಚಿನ ಬಾಗಿಲಲ್ಲಿ ತಮ್ಮನ್ನು ತಡೆದದ್ದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಹೇಳುವವರು ಅತ್ತೆ. ಮಾವ ಹೊಸ ಬರ್ಮುಡಾ ತೊಟ್ಟಿದ್ದರಂತೆ. ಮೊಣಕಾಲು ಕಂಡರೆ ಒಳಗೆ ಬಿಡುವುದಿಲ್ಲ. ಕೊನೆಗೆ ಅತ್ತೆಯ ಶಾಲನ್ನೇ ಲುಂಗಿಯ ಹಾಗೆ ಸುತ್ತಿಕೊಂಡು ಪೋಪರ ದೇವಾಲಯ ಪ್ರವೇಶ ಮಾಡಿದರು.

ಬಂದ ಮೇಲೆ ಊರೇ ಸಣ್ಣದಾಗಿಬಿಟ್ಟಿತು. ಹಂಪಿಯಲ್ಲಿ ವಿರೂಪಾಕ್ಷನ ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ಕುಣಿಯುತ್ತ, "ಅಲ್ಲಿ ಬೂಟು ಬಿಡಸಂಗಿಲ್ಲಪಾ" ಅಂದರು. ವಿಜಯನಗರದ ಅರಸರು ಶಾಸನಗಳ ಕೊನೆಗೆ ತಮ್ಮ ಹೆಸರು ಬರೆಯದೆ 'ಶ್ರೀ ವಿರೂಪಾಕ್ಷ' ಎಂದು ಕನ್ನಡದಲ್ಲಿ ರುಜು ಹಾಕುತ್ತಿದ್ದರು, ಇಲ್ಲಿ ದೇವರೇ ದೊರೆ ಎಂದೆ. ಮಾವ ಬ್ಯಾಂಕಿನವರಲ್ಲವೆ, ಒಂದು ಕ್ಷಣ ತಡೆದು, "ಸ್ಪೆಸಿಮನ್ ಸಹಿ ಟ್ಯಾಲಿ ಆಗಬೇಕಲ್ಲ?" ಎಂದು ಕೇಳಿದರು.

"ಸಂಡೂರು ನೋಡೀರೇನು ಮಾವ?"

"ಅಲ್ಲೇನೈತಿ? ಅದಿರಿನ ಲಾರಿ."

ಮೂವತ್ತು ವರ್ಷ ಹೊಸಪೇಟೆಯಲ್ಲಿದ್ದು, ಮೂವತ್ತು ಕಿಲೋಮೀಟರ್ ಆಚೆಯ ಸಂಡೂರಿಗೆ ಒಮ್ಮೆಯೂ ಇಳಿದವರಲ್ಲ. ಅದೂ ಒಂದು ಕಾಲಕ್ಕೆ ಬೇರೆ ರಾಜ್ಯವೇ. ಸುತ್ತ ಗುಡ್ಡದ ಕೋಟೆ, ಘೋರ್ಪಡೆ ಮನೆತನದ ಆಳ್ವಿಕೆ, ಬೆಟ್ಟದ ಮೇಲೆ ಕುಮಾರಸ್ವಾಮಿ. 1949ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೂ ಹಾಗೇ ಇತ್ತು. ನಾನೂರಕ್ಕೂ ಹೆಚ್ಚು ಚದರ ಕಿಲೋಮೀಟರ್. "ಲೆಕ್ಕ ಹಾಕ್ರಿ ಮಾವ, ನಿಮ್ಮ ವ್ಯಾಟಿಕನ್ ಎಷ್ಟು ಹಿಡಿತಾವು?" ಎಂದೆ. ಮೊಬೈಲಿನಲ್ಲಿ ಭಾಗಿಸಿ, ಒಂಬೈನೂರು ದಾಟಿದ್ದನ್ನು ಕಂಡು ಸುಮ್ಮನೆ ಕಾರು ಹತ್ತಿದರು.

ಕೆಂಪು ಧೂಳು ದಾಟಿ ಬೆಟ್ಟ ಏರಿದರೆ ಹಸಿರು. ಮಾವ ಈ ಸಲ ಜಾಣತನದಿಂದ ಪಂಚೆ ಉಟ್ಟಿದ್ದರು. ಪಾರ್ವತಿ ಗುಡಿಯಲ್ಲಿ ಎಲ್ಲರೂ ಕೈಮುಗಿದೆವು. ಪಕ್ಕದಲ್ಲೇ ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿ ಗುಡಿ. ಅಲ್ಲಿ ಅತ್ತೆ ಹೊರಗೇ ಕೂತರು. ಅಮ್ಮನ ಮೇಲೆ ಮುನಿದು ಬಂದ ಬ್ರಹ್ಮಚಾರಿ ದೇವರು, ಹೆಂಗಸರು ಒಳಗೆ ಹೋಗುವ ಪದ್ಧತಿ ಇಲ್ಲ.

ದರ್ಶನ ಮುಗಿಸಿ ಬಂದ ಮಾವ ನಾನು ದಾರಿಯಲ್ಲಿ ಹೇಳಿದ್ದನ್ನೇ ತಾವು ಕಂಡುಹಿಡಿದವರಂತೆ ಅತ್ತೆಗೆ ಒಪ್ಪಿಸತೊಡಗಿದರು: "ಇಲ್ಲಿ ರಾಜ ಸಾಮಾನ್ಯ ಅಲ್ಲ. 1932ರಾಗನ ಹರಿಜನರಿಗೆ ಈ ಗುಡಿ ಬಾಗಲಾ ತೆಗಿಸ್ಯಾನ. ತಿರುವಾಂಕೂರಿಗಿಂತ ನಾಕು ವರ್ಷ ಮೊದಲು! ವ್ಯಾಟಿಕನ್ನಿನಾಗ..."

ಅತ್ತೆ ಹೂಬುಟ್ಟಿ ಎತ್ತಿಕೊಂಡು ಎದ್ದರು.

"ಅಲ್ಲಿ ನಿಮ್ಮನ್ನ ತಡದಾಗ ನನ್ನ ಶಾಲು ಸುತ್ಕೊಂಡು ಒಳಗ ಹೋದ್ರಿ. ಇಲ್ಲಿ ನಾನು ಏನು ಸುತ್ಕೊಂಡು ಹೋಗ್ಲಿ, ಹೇಳ್ರಿ?"

ಮಾವ ಪಂಚೆಯ ಅಂಚು ಸರಿಮಾಡಿಕೊಂಡರು. ಹೊಸಪೇಟೆ ಬರುವವರೆಗೂ ವ್ಯಾಟಿಕನ್ನಿನ ಮಾತು ಎತ್ತಲಿಲ್ಲ.